ಕುಸಿದ ಕಾರು, ಕುಸಿಯದ ಒತ್ತಡ

ನಿಮ್ಮ ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಗಾಳಿಚೀಲಗಳ ಮೇಲೆ ನಿಂತ ಕಾರೊಂದರ ಒಂದು ಮೂಲೆ ಬೆಳಗಾಗುವುದರೊಳಗೆ 5 ಸೆಂ.ಮೀ. ಕುಸಿದಿದೆ. ಆ ಚೀಲದೊಳಗಿನ ಒತ್ತಡ ಎಷ್ಟು ಇಳಿದಿರಬಹುದು? ಬಹುಪಾಲು ವಿದ್ಯಾರ್ಥಿಗಳು ಲೆಕ್ಕ ಹಾಕಲು ತೊಡಗುತ್ತಾರೆ. ಉತ್ತರ: ಹೆಚ್ಚುಕಡಿಮೆ ಏನೂ ಇಳಿದಿಲ್ಲ.

ನನಗೆ ಈ ಪ್ರಶ್ನೆ ಎದುರಾದದ್ದು ಶಹಾಪುರ ತಾಲ್ಲೂಕಿನ ವನದುರ್ಗದಲ್ಲಿ. ಕೋಟೆ ನೋಡಲು ಮಿತ್ರರ ಹಳೆಯ ಕಾರಿನಲ್ಲಿ ಹೋಗಿ ಊರಲ್ಲೇ ತಂಗಿದ್ದೆವು. ಬೆಳಿಗ್ಗೆ ಕಾರಿನ ಹಿಂಬದಿಯ ಬಲಮೂಲೆ ತಗ್ಗಿತ್ತು. ಎಂಜಿನ್ ಚಾಲೂ ಮಾಡಿದೊಡನೆ ನಿಧಾನವಾಗಿ ಮೇಲೆದ್ದಿತು. ರಾತ್ರಿಯ ತಂಪಿಗೆ ಹೀಗಾಗಿದೆ ಎಂದರು ಒಬ್ಬರು. ಆಮೇಲೆ ಗ್ಯಾರೇಜಿನಲ್ಲಿ ದೋಷಪತ್ತೆ ಕೋಷ್ಟಕ ತೆರೆದು, ಒತ್ತಡ ಅಳೆದು, ಅದು ಸರಿಯಿದೆಯೆಂದು ಕಂಡು, ಕಂಪ್ರೆಸರ್ ಬದಲಿಸಿದರು. ಹಣ ಹೋಯಿತು, ಕಾರು ಮತ್ತೆ ಕುಸಿಯಿತು.

ನನ್ನ ತಕರಾರು ಮೆಕ್ಯಾನಿಕ್ ಬಗ್ಗೆ ಅಲ್ಲ. ಇಂಥ ಕೋಷ್ಟಕಗಳ ಬಗ್ಗೆ. ಎಡಗಡೆ ಲಕ್ಷಣ, ಬಲಗಡೆ ಬದಲಿಸಬೇಕಾದ ಬಿಡಿಭಾಗ. ನಡುವೆ ಇರಬೇಕಾದ ಕಾರಣ ಮಾತ್ರ ಇಲ್ಲ. ಪಳಗಿದ ಕೈಗೆ ಅದು ನೆನಪಿನ ಪಟ್ಟಿಯಾದೀತು. ಕಲಿಯುವವನಿಗೆ ದಾರಿ ತಪ್ಪಿಸುತ್ತದೆ.

ಲೆಕ್ಕ ಸರಳವಾಗಿದೆ. ಒಂದು ಚೀಲ 500 ಕಿ.ಗ್ರಾಂ. ಹೊತ್ತಿದೆ, ಅದರ ಪರಿಣಾಮಕಾರಿ ವಿಸ್ತೀರ್ಣ 100 ಚದರ ಸೆಂ.ಮೀ. ಎನ್ನಿ. ಆಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು 5 ವಾಯುಭಾರದಷ್ಟು ಹೆಚ್ಚಿರಬೇಕು. ಇದನ್ನು ನಿರ್ಧರಿಸುವುದು ಹೊರೆ ಮತ್ತು ವಿಸ್ತೀರ್ಣ. ಎಷ್ಟು ಗಾಳಿ ಉಳಿದಿದೆ ಎಂಬುದಲ್ಲ. ಗಾಳಿ ಸೋರಿದಂತೆ ಗಾತ್ರ ಕುಗ್ಗುತ್ತದೆ, ಕಾರು ಇಳಿಯುತ್ತದೆ, ಒತ್ತಡ ಹಾಗೇ ಇರುತ್ತದೆ. ಕಾರು ರಬ್ಬರ್ ತಡೆಯ ಮೇಲೆ ಕುಳಿತು ಹೊರೆ ಅದಕ್ಕೆ ವರ್ಗವಾದ ಮೇಲಷ್ಟೇ ಒತ್ತಡಮಾಪಕದ ಮುಳ್ಳು ಗಣನೀಯವಾಗಿ ಇಳಿಯುತ್ತದೆ. ಅಂದರೆ ಇಲ್ಲಿ ಅಳೆಯಬೇಕಾದದ್ದು ಒತ್ತಡವನ್ನಲ್ಲ, ಎತ್ತರವನ್ನು, ಅದೂ ಗಂಟೆಗೊಮ್ಮೆ.

ತಂಪಿನ ವಾದವನ್ನೂ ಪರೀಕ್ಷಿಸೋಣ. ತಾಪ 40 ಡಿಗ್ರಿಯಿಂದ 25ಕ್ಕೆ ಇಳಿದರೆ, ಕೆಲ್ವಿನ್‌ನಲ್ಲಿ 313ರಿಂದ 298. ಒತ್ತಡ ಬದಲಾಗದೆ ಗಾತ್ರ ಶೇಕಡ 5ರಷ್ಟು ಕುಗ್ಗುತ್ತದೆ. ಗಾಳಿಯ ಕಂಬ 20 ಸೆಂ.ಮೀ. ಇದ್ದರೆ ಇಳಿತ ಸುಮಾರು 1 ಸೆಂ.ಮೀ., ಅದೂ ನಾಲ್ಕೂ ಮೂಲೆಗಳಲ್ಲಿ. ಒಂದೇ ಮೂಲೆ 5 ಸೆಂ.ಮೀ. ಕುಸಿದರೆ ಅದು ತಂಪಲ್ಲ, ಸೋರಿಕೆ.

ಕಂಪ್ರೆಸರ್ ಕೆಟ್ಟಿದ್ದರೆ? ಕಾರು ಮೇಲೇಳುತ್ತಲೇ ಇರಲಿಲ್ಲ. ಎತ್ತರ ತಿಳಿಸುವ ಸಂವೇದಕ ಕೆಟ್ಟಿದ್ದರೆ? ಕಾರು ವಾರೆಯಾಗಿ ನಿಂತೀತು. ನಿಂತಲ್ಲೇ ಗಂಟೆಗಟ್ಟಲೆ ಇಳಿಯುತ್ತಾ ಹೋಗದು. ಉಳಿದದ್ದು ಆ ಮೂಲೆಯ ಚೀಲ, ಕೊಳವೆಯ ಜೋಡಣೆ, ಕವಾಟ. ಕಾರು ಸಹಜ ಎತ್ತರದಲ್ಲಿರುವಾಗ ಸೋಪಿನ ನೊರೆ ಹಚ್ಚಿದರೆ ಗುಳ್ಳೆಗಳೇ ಜಾಗ ತೋರಿಸುತ್ತವೆ. ಮಿತ್ರರ ಕಾರಿನಲ್ಲಿ ಚೀಲದ ಮಡಿಕೆ ಬಿರುಕುಬಿಟ್ಟಿತ್ತು. ಸೋರಿಕೆ ಹಾಗೇ ಬಿಟ್ಟರೆ ಹೊಸ ಕಂಪ್ರೆಸರ್ ಕೂಡ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಕೋಷ್ಟಕ ಪರಿಣಾಮವನ್ನೇ ಕಾರಣವೆಂದು ಓದಿಸಿತು.

ಬಹುತೇಕ ಕೋಷ್ಟಕಗಳು ಮೊದಲ ಸಾಲಿನಲ್ಲೇ ಹೇಳಬೇಕಾದ ಇನ್ನೊಂದು ಮಾತಿದೆ: ಗಾಳಿಯ ಮೇಲೆ ಮಾತ್ರ ನಿಂತ ವಾಹನದ ಕೆಳಗೆ ಎಂದೂ ತೂರಬೇಡಿ. ಗಟ್ಟಿ ಆಧಾರ ಕೊಟ್ಟ ನಂತರವೇ ಕೆಲಸ.

ನಮ್ಮ ಪಾಠಗಳೂ ಈ ತಪ್ಪಿನಲ್ಲಿ ಪಾಲುದಾರರು. ಬಾಯ್ಲ್ ತನ್ನ ನಿಯಮವನ್ನು ಪ್ರಕಟಿಸಿದ್ದು 1662ರಲ್ಲಿ. ಏರ್ ಸಸ್ಪೆನ್ಷನ್ ಇರುವ ವೋಲ್ವೊ ಬಸ್ಸುಗಳು ಭಾರತಕ್ಕೆ ಬಂದದ್ದು 2001ರಲ್ಲಿ. ಆದರೂ ನಾವು ಕರಿಹಲಗೆಯ ಮೇಲೆ ಬರೆಯುವುದು ಮುಚ್ಚಿದ ಪಾತ್ರೆಯನ್ನೇ. ಅದರಲ್ಲಿ ಗಾತ್ರ ಸ್ಥಿರ, ಆದ್ದರಿಂದ ಸೋರಿದರೆ ಒತ್ತಡ ಇಳಿಯುತ್ತದೆ. ಹೊರೆ ಹೊತ್ತ ಕೊಂತದ ಚಿತ್ರವನ್ನು ಅಪರೂಪಕ್ಕೆ ಬರೆಯುತ್ತೇವೆ.

ಸೂಜಿಯಿಲ್ಲದ ದೊಡ್ಡ ಸಿರಿಂಜನ್ನು ನೆಟ್ಟಗೆ ನಿಲ್ಲಿಸಿ, ಬಾಯಿಯನ್ನು ಬೆರಳಿನಿಂದ ಮುಚ್ಚಿ, ಕೊಂತದ ಮೇಲೆ ತೂಕವಿಡಿ. ಬೆರಳನ್ನು ತುಸುವೇ ಸಡಿಲಿಸಿ. ಕೊಂತ ಇಳಿಯುತ್ತದೆ, ತೂಕ ಅಷ್ಟೇ ಇರುತ್ತದೆ. ಒಳಗಿನ ಒತ್ತಡ ಏನಾಯಿತು ಎಂದು ಆಗ ಕೇಳಿ.