ಅಚ್ಚಾಗದ ಮೊದಲ ಕೃತಿ: ಒಂದು ಜಿಜ್ಞಾಸೆ

ಓದುಗರ ಪ್ರೀತಿಗೆ ಪಾತ್ರನಾದ ಲೇಖಕನೊಬ್ಬನು ಯೌವನದಲ್ಲಿ ಬರೆದು, ಅಚ್ಚಿಗೆ ಕೊಡದೆ ಕಟ್ಟಿಟ್ಟ ಕಾದಂಬರಿಯೊಂದು ದೊರೆತರೆ ಅದನ್ನು ಪ್ರಕಟಿಸಬೇಕೆ, ಬೇಡವೆ? ಸಾಹಿತ್ಯಾಸಕ್ತರು ಕೂಡಿದೆಡೆಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಕೇಳಿಬರುತ್ತವೆ. ದೊಡ್ಡವರ ಕೈಯಿಂದ ಬಂದ ಒಂದು ಸಾಲೂ ನಷ್ಟವಾಗಬಾರದು, ಎಲ್ಲವೂ ನಾಡಿನ ಸ್ವತ್ತು ಎಂಬುದು ಒಂದು. ಕೃತಿಕಾರನೇ ಬೇಡವೆಂದು ಬದಿಗಿಟ್ಟದ್ದನ್ನು ಹೊರಗೆಳೆಯುವುದು ಅವನಿಗೆ ಬಗೆಯುವ ಅಪಚಾರ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಆದರೆ ಯಾವ ಒಂದನ್ನೇ ಹಿಡಿದು ಹೊರಟರೂ ದಾರಿ ತಪ್ಪುವ ಸಂಭವವಿದೆ. ಆದಕಾರಣ ವಿಷಯವನ್ನು ನಿದರ್ಶನಗಳ ಮೂಲಕ ಪರಿಶೀಲಿಸುವುದು ಯುಕ್ತ.

ಕನ್ನಡದಲ್ಲಿ ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಪ್ರಸಂಗ ಯು. ಆರ್. ಅನಂತಮೂರ್ತಿಯವರದು. 1965ರಲ್ಲಿ ಪ್ರಕಟವಾದ ‘ಸಂಸ್ಕಾರ’ವು ಅವರನ್ನು ಕಾದಂಬರಿಕಾರರೆಂದು ನಾಡಿಗೆ ಪರಿಚಯಿಸಿತು. ಅದಕ್ಕೂ ಮೊದಲೇ ಅವರು ಕಾದಂಬರಿಯೊಂದನ್ನು ಬರೆದಿದ್ದರು. ಆ ಹಸ್ತಪ್ರತಿ ದಶಕಗಳ ಕಾಲ ಅಚ್ಚು ಕಾಣಲಿಲ್ಲ. 2012ರಲ್ಲಿ ‘ಪ್ರೀತಿ ಮೃತ್ಯು ಮತ್ತು ಭಯ’ ಎಂಬ ಹೆಸರಿನಿಂದ ಅದು ಪುಸ್ತಕರೂಪದಲ್ಲಿ ಬಂದಾಗ ಲೇಖಕರು ಎಂಬತ್ತರ ಹೊಸ್ತಿಲಲ್ಲಿದ್ದರು. 2014ರ ಆಗಸ್ಟ್ 22ರಂದು ಅವರು ತೀರಿಕೊಂಡರು. ಅರ್ಥಾತ್, ಕೃತಿಯು ಹೊರಬಂದಾಗ ‘ಇದು ನನ್ನದು, ಇಂಥ ಕಾಲದ್ದು’ ಎಂದು ಹೇಳಬಲ್ಲ ಲೇಖಕ ಬದುಕಿದ್ದನು. ಈ ಒಂದು ಸಂಗತಿಯೇ ಪ್ರಕಟಣೆಗೆ ಬೇಕಾದ ಅಧಿಕಾರವನ್ನು ಒದಗಿಸಿತು.

ಇದರಿಂದ ವಾಚಕನಿಗೆ ದೊರೆತ ಲಾಭವೇನು? ಕಾದಂಬರಿಯ ಹೆಸರಿನಲ್ಲಿರುವ ಮೂರು ಮಾತುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ‘ಸಂಸ್ಕಾರ’ವನ್ನು ಮರಳಿ ಓದಿ ನೋಡಬಹುದು. ದೂರ್ವಾಸಪುರದ ಅಗ್ರಹಾರದಲ್ಲಿ ಸಂಸ್ಕಾರ ಕಾಣದೆ ಬಿದ್ದಿರುವ ನಾರಣಪ್ಪನ ಶವದ ಸುತ್ತ ಹೆಣೆದುಕೊಂಡಿರುವುದು ಮೃತ್ಯು. ಕತ್ತಲಲ್ಲಿ ಚಂದ್ರಿಯ ಸ್ಪರ್ಶದಿಂದ ಪ್ರಾಣೇಶಾಚಾರ್ಯರಲ್ಲಿ ಎಚ್ಚತ್ತದ್ದು ಪ್ರೀತಿಯೋ ಕಾಮವೋ ಎಂದು ಅವರಿಗೇ ತಿಳಿಯದ ಒಂದು ಅನುಭವ. ಜಾತ್ರೆಯ ಜನಸಂದಣಿಯಲ್ಲಿ ಗುರುತು ಸಿಕ್ಕೀತೆಂದು ಅವರನ್ನು ಹಿಂಬಾಲಿಸುವುದು ಭಯ. ತರುಣನೊಬ್ಬನು ಕೃತಿಯ ಹೆಸರಿನಲ್ಲಿ ಬಿಡಿಬಿಡಿಯಾಗಿ ಉಚ್ಚರಿಸಿದ್ದ ಮೂರು ಪದಗಳು, ಮೂವತ್ತೆರಡರ ಪ್ರಾಯದ ಲೇಖಕನಲ್ಲಿ ಒಂದೇ ಶವ, ಒಂದೇ ಅಗ್ರಹಾರ, ಒಬ್ಬನೇ ಆಚಾರ್ಯನ ಕಥೆಯಾಗಿ ಬೆಸೆದುಕೊಂಡಿವೆ. ಸಿದ್ಧಿ ಯಾವುದೆಂದು ಎಲ್ಲರೂ ಬಲ್ಲರು. ಆ ಸಿದ್ಧಿಗೆ ಮುನ್ನ ನಡೆದ ಸಾಧನೆಯ ಕುರುಹನ್ನು ಮೊದಲ ಕೃತಿ ತೋರಿಸುತ್ತದೆ. ಅದರ ಬೆಲೆ ಇರುವುದು ಇಲ್ಲಿ. ಆದರೆ ‘ಸಂಸ್ಕಾರ’ವನ್ನು ಓದದ ವಿದ್ಯಾರ್ಥಿಯೊಬ್ಬನು ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಈ ಪುಸ್ತಕವನ್ನೇ ಮೊದಲು ಕೊಂಡು, ಇದರಿಂದಲೇ ಲೇಖಕನನ್ನು ಅಳೆದರೆ ನಷ್ಟ ಇಬ್ಬರಿಗೂ ತಪ್ಪದು.

ಈ ಲಾಭನಷ್ಟಗಳನ್ನು ತೂಗುವುದಕ್ಕೆ ನಮ್ಮ ಅಲಂಕಾರಿಕರು ಒಂದು ತಕ್ಕಡಿಯನ್ನು ಒದಗಿಸಿದ್ದಾರೆ. ಅದೇ ‘ಪಾಕ’ವೆಂಬ ಪರಿಕಲ್ಪನೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು (1906–1966) ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಆ ಪರಂಪರೆಯನ್ನು ಕನ್ನಡಿಗರ ಕೈಗೆಟುಕಿಸಿದರು. ಒಂದು ಪದವನ್ನು ತೆಗೆದು ಬೇರೊಂದನ್ನು ಇಡಲು ಬಾರದಂತಹ ಸ್ಥಿತಿಗೆ ರಚನೆ ಮುಟ್ಟಿದರೆ ಅದು ಪಾಕ ಎಂಬುದು ವಾಮನನ ಪಂಥದವರ ಮತ. ಸುಮಾರು ಹತ್ತನೆಯ ಶತಮಾನದ ಆದಿಯಲ್ಲಿದ್ದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಈ ಮತವನ್ನು ಹೇಳಿ, ಅದಕ್ಕೆ ತನ್ನ ಪತ್ನಿ ಅವಂತಿಸುಂದರಿ ಎತ್ತಿದ ಆಕ್ಷೇಪವನ್ನೂ ದಾಖಲಿಸಿದ್ದಾನೆ. ಪದವನ್ನು ಬದಲಿಸಲಾರದೆ ಹೋಗುವುದು ಅಶಕ್ತಿಯೇ ಹೊರತು ಪಾಕವಲ್ಲ. ಮಹಾಕವಿಗಳಲ್ಲಿ ಒಂದೇ ವಸ್ತುವಿಗೆ ಅನೇಕ ಪಾಠಗಳಿದ್ದು, ಅವೆಲ್ಲವೂ ಪಕ್ವವಾಗಿರಬಲ್ಲವು. ರಸಕ್ಕೆ ತಕ್ಕ ಹೆಣಿಗೆಯೇ ಪಾಕ ಎಂಬುದು ಆಕೆಯ ವಾದ. ಮೊದಲ ಕರಡೆಂದೊಡನೆ ಮೂಗು ಮುರಿಯುವವರು ಈ ಮಾತನ್ನು ಗಮನಿಸಬೇಕು.

ರಾಜಶೇಖರನು ಪಾಕಗಳನ್ನು ಫಲಗಳ ಹೆಸರಿನಿಂದ ಒಂಬತ್ತಾಗಿ ವಿಂಗಡಿಸುತ್ತಾನೆ. ಮೊದಲು ಸವಿಯಾಗಿದ್ದು ಕೊನೆಗೆ ರುಚಿಗೆಡುವುದು ಅಡಕೆಯ ಪಾಕ; ಆದಿಯಿಂದ ಅಂತ್ಯದವರೆಗೂ ಸವಿಯಾಗಿರುವುದು ತೆಂಗಿನ ಪಾಕ. ತೆಂಗು ಅಡಕೆಗಳೆರಡನ್ನೂ ಬೆಳೆಯುವ ನಮ್ಮ ಸೀಮೆಯವರಿಗೆ ಈ ವಿಂಗಡಣೆ ಸ್ವಾರಸ್ಯವಾಗಿ ತೋರೀತು. ಮುಖ್ಯವಾದುದು ಅವನು ಮುಂದೆ ಹೇಳುವ ಮಾತು. ಒಂಬತ್ತರಲ್ಲಿ ಕೆಲವು ತ್ಯಾಜ್ಯ, ಕೆಲವು ಗ್ರಾಹ್ಯ, ನಡುವಣ ಕೆಲವು ಸಂಸ್ಕಾರಯೋಗ್ಯ. ತಿದ್ದಿದರೆ ಅವುಗಳಿಂದ ಗುಣ ಹೊಮ್ಮುತ್ತದೆ. ಪ್ರತಿಭಾವಂತರ ಮೊದಲ ಕೃತಿಗಳು ಬಹುಮಟ್ಟಿಗೆ ಸೇರುವುದು ಈ ನಡುವಣ ವರ್ಗಕ್ಕೆ. ಆದರೆ ಆ ಸಂಸ್ಕಾರವನ್ನು ಮಾಡಬಲ್ಲವನು ಬರೆದವನೊಬ್ಬನೇ. ಅವನ ತರುವಾಯ ಮಕ್ಕಳಾಗಲಿ ಸಂಪಾದಕರಾಗಲಿ ತಿದ್ದಲು ಕೈಹಾಕಿದರೆ ಅದು ಅವನ ಕೃತಿಯಾಗಿ ಉಳಿಯದು. ತಿದ್ದದೆ ಮುದ್ರಿಸಿದರೆ ಅವನು ಅಪಕ್ವವೆಂದು ಬಗೆದುದನ್ನೇ ಪಕ್ವವೆಂದು ಬಡಿಸಿದಂತಾಗುವುದು. ಇಕ್ಕಟ್ಟಿರುವುದು ಇಲ್ಲಿಯೇ.

ತಿಪಟೂರು ಕಡೆಯ ರೈತರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಲ್ಲಿ ಬಲಿತ ಕಾಯಿಯನ್ನು ಮಟ್ಟೆಸಮೇತ ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದು ಮಾಡುವವರೆಗೆ ಕಾಯುತ್ತಾರೆ. ಆ ಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಅವಸರಪಟ್ಟು ನಡುವೆಯೇ ಒಡೆದರೆ ಅದನ್ನು ಕೊಬ್ಬರಿಯೆಂದು ಮಾರುವಂತಿಲ್ಲ. ಎಳನೀರಿಗೂ ಕಾಯಿಗೂ ಕೊಬ್ಬರಿಗೂ ಬೇರೆ ಬೇರೆ ಬೆಲೆಯುಂಟು, ಬೇರೆ ಬೇರೆ ಬಳಕೆಯುಂಟು, ಯಾವುದೂ ಹೀನವಲ್ಲ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದಷ್ಟೇ ಮೋಸ. ಮೊದಲ ಕೃತಿಯ ವಿಷಯದಲ್ಲಿಯೂ ನಾವು ಹೇಳಬೇಕಾದುದು ಇಷ್ಟೇ: ಪ್ರಕಟಣೆಯೇ ತಪ್ಪಲ್ಲ, ಯಾವುದೆಂದು ಹೇಳಿ ಪ್ರಕಟಿಸುತ್ತೇವೆ ಎಂಬುದರ ಮೇಲೆ ಸರಿತಪ್ಪು ನಿಂತಿದೆ.

ಪಕ್ವವಾಗಲು ಅನುಭವಕ್ಕೆ ಎಷ್ಟು ಕಾಲ ಹಿಡಿಯಬಹುದೆಂಬುದಕ್ಕೆ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವೇ ಸಾಕ್ಷಿ. ನಮ್ಮ ಸೀಮೆಗೆ ಅಂಟಿಕೊಂಡಿರುವ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಅವರು, ಪ್ಲೇಗು ತಮ್ಮ ಮನೆಯವರನ್ನು ಕೊಂಡೊಯ್ದುದನ್ನು ಬಾಲ್ಯದಲ್ಲಿಯೇ ಕಂಡವರು. ಅವರ ‘ಗತಜನ್ಮ ಮತ್ತು ಎರಡು ಕಥೆಗಳು’ 1955ರಲ್ಲಿಯೂ, ‘ಭೀಮಕಾಯ’ 1958ರಲ್ಲಿಯೂ, ‘ಬೆಳಕು ಮೂಡಿತು’ 1959ರಲ್ಲಿಯೂ ಬಂದುವು. ಆದರೆ ಓದುಗರು ಅವರ ಕಾದಂಬರಿಲೋಕವನ್ನು ಸಾಮಾನ್ಯವಾಗಿ 1961ರ ‘ಧರ್ಮಶ್ರೀ’ಯಿಂದ, ಅದಕ್ಕೂ ಮಿಗಿಲಾಗಿ 1965ರ ‘ವಂಶವೃಕ್ಷ’ದಿಂದ ಎಣಿಸುತ್ತಾರೆ. ಶಾನುಭೋಗಿಕೆಯ ಲೆಕ್ಕಪತ್ರವನ್ನು ತಾನೇ ಬರೆದು ಸಂಸಾರ ತೂಗುವ ನಂಜಮ್ಮ, ಆಕೆಯ ಮಕ್ಕಳನ್ನು ಪ್ಲೇಗು ಒಯ್ಯುವ ಆ ದಾರುಣ ಸಂಗತಿ ಕಾದಂಬರಿಯಾಗಿ ಬಂದುದು 1970ರಲ್ಲಿ. ತಾವು ಬೆಳೆದ ಬಗೆಯನ್ನು ಮುಂದೆ 1996ರ ‘ಭಿತ್ತಿ’ಯಲ್ಲಿ ಅವರೇ ಬರೆದುಕೊಂಡರು.

2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ನಿಧನರಾದರು. ‘ಗೃಹಭಂಗ’ದಲ್ಲಿ ತಮ್ಮ ಹಳ್ಳಿಗಳ ಮಾತನ್ನೂ ಬಡತನವನ್ನೂ ಗುರುತಿಸಿಕೊಂಡ ತಿಪಟೂರು, ತುರುವೇಕೆರೆಗಳ ಓದುಗರು ಅವರ ಬರವಣಿಗೆ ಇನ್ನೂ ಏನಾದರೂ ಇದ್ದರೆ ಬರಲಿ ಎಂದು ಹಂಬಲಿಸುವುದು ಸಹಜ. ಇದು ಪ್ರೀತಿಯಿಂದ ಹುಟ್ಟಿದ ಹಂಬಲ. ಆದರೆ ಲೇಖಕನು ಅಗಲಿದ ಹೊಸತರಲ್ಲಿಯೇ ಇಂಥ ಹಂಬಲಕ್ಕೆ ಬೆಲೆ ಕಟ್ಟುವವರೂ ಹುಟ್ಟಿಕೊಳ್ಳುತ್ತಾರೆ ಎಂಬುದನ್ನು ಮರೆಯಬಾರದು. ಯಾವುದೇ ಲೇಖಕನ ವಿಷಯದಲ್ಲಿಯೂ ಈ ಎಚ್ಚರ ಅಗತ್ಯ.

ಅಮೆರಿಕದ ಹಾರ್ಪರ್ ಲೀ ಎಂಬ ಲೇಖಕಿಯ ಪ್ರಸಂಗ ಇಲ್ಲಿ ಸ್ಮರಣೀಯ. 1957ರಲ್ಲಿ ಆಕೆ ಪ್ರಕಾಶಕರಿಗೆ ಒಪ್ಪಿಸಿದ ಹಸ್ತಪ್ರತಿಯನ್ನು, ಸಂಪಾದಕಿಯ ಸಲಹೆಯಂತೆ ಮತ್ತೆ ಮತ್ತೆ ಬರೆದುದರ ಫಲವೇ 1960ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಕರಿಯನೊಬ್ಬನ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವ ವಕೀಲ ಆ್ಯಟಿಕಸ್ ಲಕ್ಷಾಂತರ ಓದುಗರ ಆದರ್ಶಪುರುಷನಾದನು. 2015ರಲ್ಲಿ, ಲೇಖಕಿಗೆ 89 ವರ್ಷವಾಗಿದ್ದಾಗ, ಮೊದಲಿನ ಆ ಹಸ್ತಪ್ರತಿ ‘ಗೋ ಸೆಟ್ ಎ ವಾಚ್‌ಮನ್’ ಎಂಬ ಹೆಸರಿನಿಂದ ಹೊರಬಂತು. ಅದರಲ್ಲಿ ಅದೇ ಆ್ಯಟಿಕಸ್ ಮುಪ್ಪಿನಲ್ಲಿ ವರ್ಣಭೇದವನ್ನು ಸಮರ್ಥಿಸುತ್ತಾನೆ. ಓದುಗರು ಕಂಗೆಟ್ಟರು. ಲೇಖಕಿಯ ಒಪ್ಪಿಗೆ ನಿಜವಾಗಿ ಇತ್ತೆ ಎಂಬ ಸಂದೇಹವೂ ಎದ್ದಿತು. ಅಲಬಾಮಾ ರಾಜ್ಯದ ಅಧಿಕಾರಿಗಳು ವಿಚಾರಿಸಿ ದೂರಿನಲ್ಲಿ ಹುರುಳಿಲ್ಲವೆಂದರು. ನಮ್ಮ ದೃಷ್ಟಿಯಲ್ಲಿ ಮುಖ್ಯ ದೋಷ ಬೇರೆಯೇ ಆಗಿತ್ತು. ಪೇಟೆಯಲ್ಲಿ ಅದು ಹೊಸ ಕಾದಂಬರಿಯೆಂದು, ಹಿಂದಿನ ಕಥೆಯ ಮುಂದುವರಿಕೆಯೆಂಬಂತೆ ಮಾರಾಟವಾಯಿತು. ಒಂದು ಮಹಾಕೃತಿಯ ಮೊದಲ ಕರಡೆಂದು ಓದಿದ್ದರೆ ಕಲಿಯುವುದಕ್ಕೆ ಎಷ್ಟೋ ಇತ್ತು. ಉತ್ತರಕಥೆಯೆಂದು ಓದಿದವರಿಗೆ ಆರಾಧ್ಯನೊಬ್ಬನ ಪತನವಷ್ಟೇ ಕಂಡಿತು.

ಲೇಖಕನು ಸ್ಪಷ್ಟವಾಗಿ ಬೇಡವೆಂದಿದ್ದರೆ? ಕೊಲಂಬಿಯದ ಗಾರ್ಸಿಯಾ ಮಾರ್ಕ್ವೆಜ್ ತಮ್ಮ ಕೊನೆಗಾಲದ ಕಿರುಕಾದಂಬರಿಯನ್ನು ನಾಶಮಾಡಬೇಕೆಂದಿದ್ದರು. ಅವರು ತೀರಿದ ಹತ್ತು ವರ್ಷಕ್ಕೆ, 2024ರಲ್ಲಿ, ಮಕ್ಕಳು ಅದನ್ನು ಪ್ರಕಟಿಸಿದರು. ಮರೆವಿನ ರೋಗ ತಂದೆಯ ವಿವೇಚನೆಯನ್ನೂ ಮಂಕಾಗಿಸಿತ್ತೆಂಬುದು ಅವರ ಸಮರ್ಥನೆ. ಆದರೆ ಆ ಹಸ್ತಪ್ರತಿ ಅದಕ್ಕೆ ಮೊದಲೇ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಪತ್ರಾಗಾರದಲ್ಲಿತ್ತು. ವಿದ್ವಾಂಸರು ಅಲ್ಲಿಗೆ ಹೋಗಿ ಓದಬಹುದಾಗಿತ್ತು. ಸುಡುವುದಕ್ಕೂ ಮಾರುವುದಕ್ಕೂ ನಡುವೆ ಇಂಥ ಮೂರನೆಯ ದಾರಿಯೊಂದಿದೆ.

ಕಾಫ್ಕಾನ ಮಾತನ್ನು ಅವನ ಮಿತ್ರ ಮ್ಯಾಕ್ಸ್ ಬ್ರಾಡ್ ಪಾಲಿಸಿದ್ದರೆ 1925ರಲ್ಲಿ ‘ದಿ ಟ್ರಯಲ್’ ಬರುತ್ತಲೇ ಇರಲಿಲ್ಲವಲ್ಲ ಎಂದು ಕೆಲವರು ಕೇಳಬಹುದು. ನಿಜ. ಆದರೆ ಬ್ರಾಡ್ ಉಳಿಸಿದ್ದು ಕಾಫ್ಕಾನ ಪ್ರೌಢ ಕೃತಿಗಳನ್ನು. ಅವುಗಳಿಗೆ ಬದಲಾಗಿ ನಿಲ್ಲುವ ಬೇರೆ ಕೃತಿಗಳು ಇರಲಿಲ್ಲ. ಲೇಖಕನೇ ದಾಟಿ ಮುಂದೆ ನಡೆದ ಮೆಟ್ಟಿಲಿಗೆ ಈ ನ್ಯಾಯವನ್ನು ಹಚ್ಚಲಾಗದು. ಅಲ್ಲದೆ ಮಿತ್ರನ ಇಚ್ಛೆ ಏನಿತ್ತೆಂಬುದನ್ನು ಬ್ರಾಡ್ ಲೋಕದಿಂದ ಮುಚ್ಚಿಡಲಿಲ್ಲ.

ಮುಚ್ಚಿಡದೆ ಪ್ರಕಟಿಸುವ ಮಾದರಿ ನಮ್ಮ ದೇಶದಲ್ಲಿಯೇ ಉಂಟು. ರವೀಂದ್ರನಾಥ ಠಾಕೂರರಿಗೆ ತಮ್ಮ ಎಳವೆಯ ರಚನೆಗಳ ಮೇಲೆ ಆದರವಿರಲಿಲ್ಲ. ಅವರ ಸಮಗ್ರ ಕೃತಿಗಳು ಹೊರಬರುತ್ತಿದ್ದಾಗ ವಿಶ್ವಭಾರತಿಯವರು ಅಂಥವನ್ನು ಮುಖ್ಯ ಸಂಪುಟಗಳೊಡನೆ ಬೆರೆಸಲಿಲ್ಲ. 1940ರಿಂದ ‘ಅಚಲಿತ ಸಂಗ್ರಹ’ ಎಂಬ ಪ್ರತ್ಯೇಕ ಸಂಪುಟಗಳಲ್ಲಿಟ್ಟರು. ಅಚಲಿತವೆಂದರೆ ಚಲಾವಣೆಯಲ್ಲಿಲ್ಲದ್ದು. ಏನೂ ನಷ್ಟವಾಗಲಿಲ್ಲ; ಯಾರೂ ಮೋಸಹೋಗಲಿಲ್ಲ. ಇನ್ನೂ ಹಿಂದೆ ಹೋದರೆ, ‘ಶೂನ್ಯಸಂಪಾದನೆ’ ನಮಗೆ ನಾಲ್ಕು ಪರಿಷ್ಕರಣಗಳಲ್ಲಿ ದೊರೆತಿದೆ. ಶಿವಗಣಪ್ರಸಾದಿ ಮಹಾದೇವಯ್ಯನದು ಮೊದಲನೆಯದು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಕ್ರಮವಾಗಿ ಅದನ್ನು ತಿದ್ದಿ ಬೆಳೆಸಿದರು. ಇವರು ಬೇರೆ ಬೇರೆ ಕಾಲದ ಸಂಕಲನಕಾರರೆಂಬುದು ದಿಟ. ಆದರೂ ಹಿಂದಿನದು ಉಳಿದುದರಿಂದ ಮುಂದಿನದರ ಗೌರವ ಕುಂದಲಿಲ್ಲ. ಒಂದೊಂದೂ ತನ್ನ ಸಂಪಾದಕನ ಹೆಸರನ್ನು ಹೊತ್ತಿರುವುದರಿಂದ ಒಂದನ್ನು ಇನ್ನೊಂದೆಂದು ಯಾರೂ ಭ್ರಮಿಸರು.

ಕೃತಿಯು ಜನತೆಯ ಸ್ವತ್ತು ಎನ್ನುವವರು ಕಾನೂನನ್ನೂ ಗಮನಿಸಬೇಕು. 1957ರ ಕೃತಿಸ್ವಾಮ್ಯ ಶಾಸನದ ಈಗಿನ ಪಾಠದಂತೆ, ಲೇಖಕನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯ ಹಕ್ಕು ಅವನು ತೀರಿದ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ಮರಣಾನಂತರ ಮೊದಲ ಬಾರಿಗೆ ಪ್ರಕಟವಾದುದಕ್ಕೆ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಹಳೆಯ ಹಸ್ತಪ್ರತಿಯನ್ನು ಹೊರತೆಗೆದರೆ ಹೊಸ ಆದಾಯದ ಅವಧಿಯೂ ತೆರೆಯುತ್ತದೆ ಎಂದಾಯಿತು. ವಾರಸುದಾರರು ಪಡೆಯುವುದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ನಿರ್ಧಾರ ಮಾಡುವವನೇ ಲಾಭ ಪಡೆಯುವವನೂ ಆಗಿರುವಲ್ಲಿ, ಲೇಖಕನ ಇಚ್ಛೆಯನ್ನು ಹೇಳಬಲ್ಲ ಬೇರೆ ಆಧಾರಗಳನ್ನು ಹುಡುಕುವುದು ನ್ಯಾಯ.

ಇಷ್ಟರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿರಬಹುದು. ಲೇಖಕನು ಬದುಕಿದ್ದರೆ ಅವನ ಮಾತೇ ಅಂತಿಮ. ಸ್ವಸ್ಥಚಿತ್ತದಿಂದ ಬೇಡವೆಂದು ತೀರಿಕೊಂಡಿದ್ದರೆ ಹಸ್ತಪ್ರತಿಯನ್ನು ಗ್ರಂಥಭಂಡಾರದಲ್ಲಿರಿಸಿ ಅಭ್ಯಾಸಿಗಳಿಗೆ ತೆರೆದಿಡಬೇಕು, ಪೇಟೆಗೆ ಬಿಡಬಾರದು. ಏನನ್ನೂ ಹೇಳದೆ ಹೋಗಿದ್ದರೆ ಪ್ರಕಟಿಸಬಹುದು. ಆಗ ಬರೆದ ಕಾಲ, ಹಸ್ತಪ್ರತಿಯ ಸ್ಥಿತಿ, ದೊರೆತ ಬಗೆ ಮೊದಲ ಪುಟದಲ್ಲಿಯೇ ಇರಬೇಕು; ಒಂದಕ್ಷರವನ್ನೂ ತಿದ್ದಿರಬಾರದು; ‘ಹೊಸ ಕಾದಂಬರಿ’ಯೆಂಬ ಮಾತು ರಕ್ಷಾಪುಟದ ಮೇಲೆ ಬರಬಾರದು.

ಈ ನಿಯಮಗಳು ಹೆಸರಾಂತರಿಗೆ ಮಾತ್ರ ಸಲ್ಲುವುವಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹಳೆಯ ಮನೆಗಳಲ್ಲಿ ಉಪಾಧ್ಯಾಯರೋ ಶಾನುಭೋಗರೋ ಬರೆದಿಟ್ಟ ನೋಟುಪುಸ್ತಕಗಳು ಕಾಯಿಯ ಜೊತೆಯಲ್ಲೇ ಅಟ್ಟದ ಮೇಲೆ ಇದ್ದಾವು. ಅವು ಅಚ್ಚಿಗೆ ಯೋಗ್ಯವೆ ಎಂಬ ಚರ್ಚೆ ಆಮೇಲೆ ನಡೆಯಲಿ. ಅದಕ್ಕೆ ಮೊದಲು ಅವುಗಳನ್ನು ಗೆದ್ದಲಿನಿಂದಲೂ ರದ್ದಿ ಕಾಗದದವನಿಂದಲೂ ಉಳಿಸಿ, ಬರೆದವರು ಯಾರು, ಯಾವ ವರ್ಷ ಎಂದು ಬಲ್ಲ ಹಿರಿಯರಿಂದ ಕೇಳಿ ಮೇಲ್ಪುಟದಲ್ಲಿ ಬರೆದಿಟ್ಟರೆ, ಮುಂದೆ ತೀರ್ಮಾನಿಸಬೇಕಾದವರಿಗೆ ಆಧಾರವಾದರೂ ದೊರೆತೀತು.