ಹುಟ್ಟುಹಬ್ಬದ ಊಟ ಮತ್ತು ನಮ್ಮ ಕತೆಗಾರರು

ಊಟದ ವಿಚಾರ ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸ ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡು ‘ಸೂಪಶಾಸ್ತ್ರ’ವೆಂಬ ಪದ್ಯಗ್ರಂಥವನ್ನು ರಚಿಸಿದ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಂತೂ ಅಕ್ಕಿಯೂ ರಾಗಿಯೂ ರಾಮನ ಮುಂದೆ ನ್ಯಾಯಕ್ಕೆ ನಿಲ್ಲುತ್ತವೆ. ಏನನ್ನು ಉಣ್ಣಬೇಕೆಂಬುದನ್ನು ಬಲ್ಲ ಸಾಹಿತ್ಯ ನಮ್ಮದು. ಎಲೆಯ ಮುಂದೆ ಮೇಲಾರು ಕೀಳಾರು ಎಂದು ಕೇಳಬಲ್ಲ ಸಾಹಿತ್ಯವೂ ಹೌದು. ಆದರೆ ದುಡ್ಡು ಕೊಟ್ಟು, ಗುರುತಿಲ್ಲದವರ ನಡುವೆ, ಹೋಟೆಲಿನ ಮೇಜಿಗೆ ಕುಳಿತು ಸಂತೋಷಪಡುವ ಮನುಷ್ಯನನ್ನು ಕಂಡಾಗ ಮಾತ್ರ ನಮ್ಮ ಬರಹಗಾರರ ಲೇಖನಿ ತಡವರಿಸುತ್ತದೆ. ಒಂದೋ ಅವನನ್ನು ಗೇಲಿ ಮಾಡುತ್ತದೆ, ಇಲ್ಲವೆ ಅವನಿಂದ ಪಶ್ಚಾತ್ತಾಪ ಪಡಿಸುತ್ತದೆ.

ಈ ಮಾತಿಗೆ ಕಾರಣವಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ವಿದ್ಯಾರ್ಥಿಗಳು ಸ್ಪರ್ಧೆಯೊಂದಕ್ಕೆ ಬರೆದ ಕತೆಗಳನ್ನು ಈಚೆಗೆ ನಾನು ಓದಬೇಕಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದ ಸೀಮೆಯಿಂದಲೂ ಚಿತ್ರದುರ್ಗದ ಸೀಮೆಯಿಂದಲೂ ಬಂದು ಒಂದಾದ ನೆಲ ಇದು. ಚನ್ನಗಿರಿಯಲ್ಲಿ ಅಡಿಕೆ ತೋಟ, ಜಗಳೂರಿನಲ್ಲಿ ಮಳೆಗೆ ಕಾಯುವ ಹೊಲ. ಎರಡೂ ಕಡೆಯಿಂದ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಕೆಲವರು ಕಂಪನಿಗಳಿಗೆ, ಕೆಲವರು ಹೋಟೆಲುಗಳಿಗೆ. ಅಲ್ಲಿದ್ದ ಕತೆಗಳಲ್ಲಿ ಒಂದು ಇವರಿಬ್ಬರನ್ನೂ ಒಂದೇ ಮೇಜಿನ ಬಳಿಗೆ ತಂದಿತ್ತು.

ಕತೆ ಇಷ್ಟೇ. ಕಂಪನಿಯಲ್ಲಿರುವ ಮಗ ತಂದೆಯ ಹುಟ್ಟುಹಬ್ಬಕ್ಕೆಂದು ತಂದೆತಾಯಿಯನ್ನು ಹಳೆಯ ಶೈಲಿಯ ಇಟಾಲಿಯನ್ ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆ. ತಂದೆ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಎಂಬ ತಾರೀಖೇ ಅವನ ಜನ್ಮದಿನ. ಮೇಜಿನ ಮೇಲೆ ಕೆಂಪು ಬಿಳಿ ಚೌಕಳಿಯ ಬಟ್ಟೆ, ಹುಲ್ಲು ಹೆಣೆದ ಸೀಸೆಯ ಬಾಯಲ್ಲಿ ಮೇಣದ ಬತ್ತಿ. ಶಾವಿಗೆಯಂಥದನ್ನು ಫೋರ್ಕಿಗೆ ಸುತ್ತಲಾರದೆ ತಾಯಿ ಸುಮ್ಮನೆ ಕೂರುತ್ತಾಳೆ. ತಂದೆ ಮಾತ್ರ ಮಾಣಿಯ ಮುಖವನ್ನೇ ನೋಡಿ, “ಯಾವೂರಪ್ಪಾ ನಿಂದು?” ಎಂದು ಕೇಳುತ್ತಾನೆ. “ಜಗಳೂರು ಕಡೆ, ಯಜಮಾನ್ರೇ” ಎಂದು ಉತ್ತರ ಬರುತ್ತದೆ. ಸ್ವಲ್ಪ ಹೊತ್ತಿಗೆ ಆ ಹುಡುಗ ಯಾರೂ ಹೇಳದಿದ್ದರೂ ಒಂದು ಸಣ್ಣ ತಟ್ಟೆಯಲ್ಲಿ ಹಸಿಮೆಣಸಿನಕಾಯಿ, ಈರುಳ್ಳಿ, ಉಪ್ಪು ತಂದಿಟ್ಟು ಹೋಗುತ್ತಾನೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇನ್ನೂ ಎರಡು ಪುಟ ಮುಂದುವರಿದು, ಎಲ್ಲರೂ ಮನೆಗೆ ಬಂದು, ತಾಯಿ ರೊಟ್ಟಿ ತಟ್ಟಿ, ಮಗ ಕಣ್ಣೀರಿಟ್ಟು, “ನಮ್ಮ ಊಟವೇ ಊಟ” ಎಂಬ ಉದ್ಗಾರದೊಂದಿಗೆ ತೆರೆ ಬೀಳುತ್ತದೆ. ಮೆಣಸಿನಕಾಯಿಯ ತಟ್ಟೆಯನ್ನು ಕಂಡವನು ಕತೆಗಾರ; ಕೊನೆಯ ಎರಡು ಪುಟ ಬರೆದವನು ಭಾಷಣಕಾರ. ನಮ್ಮ ಎಳೆಯ ಬರಹಗಾರರಿಗೆ ಈ ಎರಡು ಪುಟಗಳನ್ನು ಕಲಿಸಿದವರು ಯಾರು? ಪರದೇಶದ ತಿನಿಸೆಲ್ಲ ಆಡಂಬರ, ಮನೆಯ ತಿನಿಸೆಲ್ಲ ಪ್ರೀತಿ ಎಂಬ ಸಮೀಕರಣವನ್ನು ಪಾಠಗಳಲ್ಲಿ, ಸಿನಿಮಾಗಳಲ್ಲಿ, ವೇದಿಕೆಗಳಲ್ಲಿ ಹೇಳಿಕೊಟ್ಟವರು ನಾವೇ ಅಲ್ಲವೆ?

ಈ ಸಮೀಕರಣ ವಸ್ತುಸ್ಥಿತಿಯ ಮುಂದೆ ನಿಲ್ಲುವುದಿಲ್ಲ. ಇಟಲಿಯ ಸಾರಿಗೆ ಬಣ್ಣ ಕೊಡುವ ಟೊಮೇಟೊ ಇಟಲಿಯದಲ್ಲ, ಅಮೆರಿಕ ಖಂಡದ್ದು. ನಮ್ಮ ಅಪ್ಪಟ ಹಳ್ಳಿಯ ಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದು. ಇಂದು ದಾವಣಗೆರೆ ಜಿಲ್ಲೆಯ ಹೊಲಗಳನ್ನು ತುಂಬಿರುವ ಮೆಕ್ಕೆಜೋಳವೂ ಹಾಗೆಯೇ. ಉತ್ತರ ಇಟಲಿಯ ಬಡ ರೈತರು ಅದೇ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು, ಕೋಲಿನಿಂದ ತಿರುವಿ ಮಾಡಿಕೊಳ್ಳುತ್ತಿದ್ದ ಪೊಲೆಂಟಾ ನಮ್ಮ ಮುದ್ದೆಯ ದಾಯಾದಿಯಲ್ಲದೆ ಮತ್ತೇನು? ಇನ್ನು ಆ ಚೌಕಳಿ ಬಟ್ಟೆಯ, ಮೇಣದ ಬತ್ತಿಯ ಹಳೆಯ ಹೋಟೆಲು ಜಗತ್ತಿಗೆಲ್ಲ ಪರಿಚಿತವಾದದ್ದು ಹೊಟ್ಟೆಪಾಡಿಗಾಗಿ ಇಟಲಿಯನ್ನು ಬಿಟ್ಟು ನ್ಯೂಯಾರ್ಕಿನಂಥ ಊರುಗಳಿಗೆ ಹೋದವರಿಂದ. ಬೆಂಗಳೂರಿನಲ್ಲಿ ‘ದಾವಣಗೆರೆ ಬೆಣ್ಣೆದೋಸೆ’ಯ ಫಲಕ ಕಂಡಾಗ ನಾವು ಹಿಗ್ಗುವುದಿಲ್ಲವೆ? ಅದೂ ಊರು ಬಿಟ್ಟವರು ಊರಿನ ಹೆಸರಿನಲ್ಲಿ ಹಾಕಿದ ಒಲೆಯೇ. ಎರಡರ ಹುಟ್ಟಿನಲ್ಲೂ ಇರುವುದು ಆಡಂಬರವಲ್ಲ, ಅಗಲಿಕೆ.

ಹಾಗಾದರೆ ಹುಟ್ಟುಹಬ್ಬದ ಔತಣದಲ್ಲಿ ಗೇಲಿ ಮಾಡತಕ್ಕದ್ದು ಏನೂ ಇಲ್ಲವೆ? ಧಾರಾಳವಾಗಿ ಇದೆ. ಅದನ್ನು ಕ್ರಿಸ್ತಶಕ ಮೊದಲನೆಯ ಶತಮಾನದಲ್ಲೇ ರೋಮ್ ನಗರದ ಕವಿ ಮಾರ್ಷಲ್ ಮಾಡಿ ತೋರಿಸಿದ್ದಾನೆ. ಅವನ ಚುಟುಕಗಳಲ್ಲಿ ಹುಟ್ಟುಹಬ್ಬದ ಊಟದ ಮೇಲೆಯೇ ಒಂದೆರಡಿವೆ. ಒಂದರಲ್ಲಿ, ಸ್ನೇಹವಿಲ್ಲದಿದ್ದಾಗ ತನ್ನನ್ನು ಹುಟ್ಟುಹಬ್ಬಕ್ಕೆ ಕರೆಯುತ್ತಿದ್ದ ಧನಿಕ, ಬಹುಕಾಲದ ಸ್ನೇಹಿತನಾದ ಮೇಲೆ ಕರೆಯದೆ ಬಿಟ್ಟುದೇಕೆಂದು ಕವಿ ಕೇಳುತ್ತಾನೆ. ಈ ಸಲ ತಾನು ಬೆಳ್ಳಿಯ ಉಡುಗೊರೆ ಕಳಿಸಲಿಲ್ಲವೆಂಬುದೇ ಕಾರಣವೆಂದು ಹೊಳೆಯಿಸುತ್ತಾನೆ. ನಮ್ಮ ಮದುವೆಮನೆಗಳ ಮುಯ್ಯಿಯ ಲೆಕ್ಕ ಬಲ್ಲವರಿಗೆ ಇದಕ್ಕೆ ಟೀಕೆ ಬೇಡ. ಇನ್ನೊಂದರಲ್ಲಿ ದೊಡ್ಡ ದೊಡ್ಡ ಅಧಿಕಾರಸ್ಥರೆಲ್ಲ ಬಂದು ಉಂಡು, ಹಣವನ್ನೂ ಪಡೆದು ಹೋಗುವ ಹುಟ್ಟುಹಬ್ಬವನ್ನು ವರ್ಣಿಸಿ, ಇಷ್ಟಾದರೂ ನೀನು ಹುಟ್ಟಿದ್ದೀಯೆ ಎಂದು ಯಾರೂ ಲೆಕ್ಕಕ್ಕಿಟ್ಟಿಲ್ಲವಲ್ಲ ಎಂದು ಚುಚ್ಚುತ್ತಾನೆ. ಕುಲವಿಲ್ಲದ ಹಣವಂತನನ್ನು ರೋಮಿನ ಕುಲೀನರು ಕಾಣುತ್ತಿದ್ದ ರೀತಿ ಈ ಮಾತಿನ ಹಿಂದಿದೆ. ಮಾರ್ಷಲನ ಗೇಲಿ ತಟ್ಟೆಯ ಮೇಲಿನ ಪದಾರ್ಥದ ಮೇಲಲ್ಲ. ಕರೆದವನಿಗೂ ಬಂದವನಿಗೂ ನಡುವೆ ಇರಬೇಕಾಗಿದ್ದು ಇಲ್ಲದಿರುವುದರ ಮೇಲೆ. ಅದೇ ಸರಿಯಾದ ಗುರಿ.

1996ರಲ್ಲಿ ಬಂದ ‘ಬಿಗ್ ನೈಟ್’ ಎಂಬ ಅಮೆರಿಕದ ಚಲನಚಿತ್ರಕ್ಕೂ ಈ ಗುರಿ ತಿಳಿದಿತ್ತು. ಇಟಲಿಯಿಂದ ಬಂದ ಅಣ್ಣತಮ್ಮಂದಿರು ತಮ್ಮ ನಷ್ಟದ ಹೋಟೆಲನ್ನು ಉಳಿಸಿಕೊಳ್ಳಲು, ಹೆಸರಾಂತ ಗಾಯಕನೊಬ್ಬ ಬರುತ್ತಾನೆಂದು ನಂಬಿ ಇದ್ದುದನ್ನೆಲ್ಲ ಸುರಿದು ಔತಣ ಮಾಡುತ್ತಾರೆ. ಗಾಯಕ ಬರುವುದಿಲ್ಲ. ಮರುದಿನ ಬೆಳಿಗ್ಗೆ, ಜಗಳವಾಡಿದ ಸೋದರರ ನಡುವೆ ತಮ್ಮ ಮೊಟ್ಟೆ ಒಡೆದು ಬೇಯಿಸುತ್ತಾನೆ, ಮಾತಿಲ್ಲದೆ ತಿನ್ನುತ್ತಾರೆ. ಆ ಮೌನದಲ್ಲಿ ಯಾರೂ “ನಮ್ಮ ಊಟವೇ ಊಟ” ಎನ್ನುವುದಿಲ್ಲ. ಆದುದರಿಂದಲೇ ಅದು ಮನಸ್ಸಿನಲ್ಲಿ ಉಳಿಯುತ್ತದೆ.

ಕನ್ನಡದಲ್ಲಿ ಹೋಟೆಲು ಕಾದಂಬರಿಯೊಳಕ್ಕೆ ಬಂದೇ ಇಲ್ಲವೆಂದು ಹೇಳಲಾಗದು. 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರು ಮೇಳಿಗೆಯ ಜಾತ್ರೆಯಲ್ಲಿ ಪುಟ್ಟನ ಜತೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾರೆ, ಆಮೇಲೆ ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಗುರುತು ಹಿಡಿದಾರೆಂಬ ಭಯ ಅವರನ್ನು ಸುಡುವುದು ಪಂಕ್ತಿಯಲ್ಲಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ, 2013ರ ಹೊತ್ತಿಗೆ, ನಿರೂಪಕನಿಗೆ ಕಾಫಿ ಹೌಸೇ ಆಶ್ರಯ, ವಿನ್ಸೆಂಟ್ ಎಂಬ ಮಾಣಿಯ ಎರಡು ಮಾತೇ ಅವನಿಗೆ ದೈವವಾಣಿ. ಒಂದರಲ್ಲಿ ಹೋಟೆಲು ಆಚಾರ ಸಡಿಲುವ ಹಾದಿ, ಇನ್ನೊಂದರಲ್ಲಿ ಮನೆಯಿಂದ ತಪ್ಪಿಸಿಕೊಳ್ಳುವ ಮೂಲೆ. ಎರಡೂ ಸಮರ್ಥ ಚಿತ್ರಗಳೇ. ಆದರೆ ಹೋಟೆಲು ಒಂದು ಕುಟುಂಬ ಬೇಕೆಂದೇ ಹೋಗಿ ಸಂಭ್ರಮಪಡುವ ಜಾಗವೂ ಆಗಬಲ್ಲದೆಂಬ ಮೂರನೆಯ ಚಿತ್ರಕ್ಕೆ ಇಷ್ಟು ಸಮರ್ಥ ಲೇಖನಿ ಇನ್ನೂ ದೊರೆಯಬೇಕಾಗಿದೆ.

ಮನೆಯ ಊಟದ ಅಕ್ಕರೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ಅಕ್ಕರೆಯ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕುತ್ತಿರಲಿಲ್ಲವೆಂಬುದನ್ನು ಮರೆತು ಬರೆಯುವುದು ಪ್ರಾಮಾಣಿಕತೆಯಲ್ಲ. ಹೋಟೆಲಿನಲ್ಲೂ ಜಾತಿಗೊಂದು ಜಾಗ, ಬೇರೆ ಲೋಟ ಇದ್ದ ಕಾಲವನ್ನು ಈ ನಾಡು ಕಂಡಿದೆ. ಅಂಥ ನಾಡಿನಲ್ಲಿ, ಯಾರ ಮನೆಯಲ್ಲೂ ಅಗ್ರಾಸನ ಕಾಣದ ರೈತನೊಬ್ಬ, ಮೇಷ್ಟ್ರು ಕೊಟ್ಟ ತಾರೀಖಿನಂದು, ಮೇಜಿನ ತಲೆಯಲ್ಲಿ ಕೂರುತ್ತಾನೆ. ಹಣ ಮಗನದು, ತಿನಿಸು ಪರದೇಶದ್ದು. ಆದರೂ ಆ ಕ್ಷಣದಲ್ಲಿ ಅವನು ಹುಟ್ಟಿದ್ದಾನೆಂದು ಒಬ್ಬರು ಲೆಕ್ಕಕ್ಕಿಟ್ಟರು. ಮಾರ್ಷಲನ ಹಣವಂತನಿಗೆ ಸಿಗದಿದ್ದುದು ಇವನಿಗೆ ಸಿಕ್ಕಿತು. ಇದು ಗೇಲಿಯ ವಸ್ತುವಲ್ಲ.

ಇಟಲಿಯ ಊಟದ ಮನೆಗೆ ಇರುವ ‘ತ್ರಾತ್ತೋರಿಯಾ’ ಎಂಬ ಹೆಸರಿನ ಮೂಲದಲ್ಲಿ ಉಪಚರಿಸು ಎಂಬ ಅರ್ಥದ ಧಾತುವಿದೆ. ಬೆಲೆಪಟ್ಟಿಯಲ್ಲಿ ಇಲ್ಲದ ಹಸಿಮೆಣಸಿನಕಾಯಿಯನ್ನು ತಂದಿಟ್ಟ ಹುಡುಗ ಮಾಡಿದ್ದು ಅದನ್ನೇ. ಉಪಚಾರ ಮನೆಯೊಳಗೆ ಮಾತ್ರ ಹುಟ್ಟುತ್ತದೆ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹುಟ್ಟುವುದಿಲ್ಲ ಎಂಬ ನಂಬಿಕೆಯನ್ನು ಆ ಸಣ್ಣ ತಟ್ಟೆ ಸುಳ್ಳು ಮಾಡಿತು. ನಮ್ಮ ತಾಲ್ಲೂಕುಗಳ ಎಳೆಯ ಕತೆಗಾರರು ಅಂಥ ತಟ್ಟೆಗಳನ್ನು ಕಾಣುವ ಕಣ್ಣುಳ್ಳವರು. ಅವರು ಕಂಡುದನ್ನು ನಂಬಿದರೆ ಸಾಕು. ಕೊನೆಯ ಎರಡು ಪುಟ ತಾವಾಗಿಯೇ ಉದುರಿಹೋಗುತ್ತವೆ.