ಗೂಡು ಬಿಟ್ಟು ಕೆರೆಗೆ ಬನ್ನಿ

ಫೆಬ್ರುವರಿ ಬಂತೆಂದರೆ ಚೆನ್ನೈನ ಉದ್ದ ಲೆನ್ಸುಗಳೆಲ್ಲ ವೇಡಂತಾಂಗಲ್ ದಾರಿ ಹಿಡಿಯುತ್ತವೆ. ಶನಿವಾರ ಬೆಳಕು ಹರಿಯುವ ಮೊದಲೇ ಕಾರುಗಳು ತಾಂಬರಂ ದಾಟಿ, ಜಿಎಸ್‌ಟಿ ರಸ್ತೆಯಲ್ಲಿ ಚೆಂಗಲ್‌ಪಟ್ಟನ್ನು ಹಿಂದೆ ಹಾಕುತ್ತವೆ. ಸೂರ್ಯ ಮೇಲೇರುವಷ್ಟರಲ್ಲಿ ಕೆರೆಯ ಏರಿಯ ಮೇಲೆ ಟ್ರೈಪಾಡುಗಳ ಸಾಲು ನಿಂತಿರುತ್ತದೆ. ಎಲ್ಲರ ಗುರಿಯೂ ಒಂದೇ: ನೀರಿನ ನಡುವಿನ ಮರ, ಮರದ ಮೇಲಿನ ಗೂಡು, ಗೂಡಿನಲ್ಲಿ ಬಾಯಿ ತೆರೆದ ಮರಿ. ಆ ನೋಟ ಚೆಂದವೇ. ಆದರೂ ಈ ಸಲ ಒಂದು ಬೆಳಗನ್ನಾದರೂ ಗೂಡಿನಿಂದ ದೂರ ಕಳೆಯಿರಿ ಎಂದು ಕೇಳಲು ಈ ವಾರದ ಅಂಕಣ ಬರೆಯುತ್ತಿದ್ದೇನೆ. ತಾಂಬರಂ ಸುತ್ತಲಿನ ಸಾಧಾರಣ ಕೆರೆಗಳ ಅಂಚಿನಲ್ಲಿ ನಿಂತು ನೋಡಿದರೆ ಹಕ್ಕಿಯ ಬದುಕು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ, ಚಿತ್ರವೂ ಇನ್ನೂ ಒಳ್ಳೆಯದು ಸಿಗುತ್ತದೆ.

ವೇಡಂತಾಂಗಲ್ ಬಗ್ಗೆ ನನಗಿರುವ ಗೌರವಕ್ಕೆ ಕೊರತೆಯಿಲ್ಲ. ನಮ್ಮ ದೇಶದಲ್ಲಿ ಜನರೇ ಮುಂದೆ ನಿಂತು ಹಕ್ಕಿಗಳನ್ನು ಕಾಪಾಡಿದ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಸಿಪಾಯಿಗಳು ಬಂದು ಹಕ್ಕಿ ಹೊಡೆಯುವುದನ್ನು ತಡೆಯಬೇಕೆಂದು ಊರಿನವರು ಕೇಳಿಕೊಂಡಾಗ, ಚೆಂಗಲ್‌ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್ 1798ರಲ್ಲಿ ಅವರಿಗೆ ಕೌಲು ಬರೆದುಕೊಟ್ಟ. ಊರಿನವರ ಪ್ರೀತಿಗೆ ಗಟ್ಟಿಯಾದ ಕಾರಣವೂ ಇತ್ತು. ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಹರಿದರೆ ಗೊಬ್ಬರವೂ ಜೊತೆಗೇ ಹರಿಯುತ್ತದೆ. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹುಣಸೆಮರದ ಹೆಜ್ಜಾರ್ಲೆಗಳನ್ನು ಊರವರು ಮನೆಮಕ್ಕಳಂತೆ ನೋಡಿಕೊಂಡಿದ್ದೂ, ಮರದ ಬುಡದ ಹಿಕ್ಕೆಯನ್ನು ಹೊಲಕ್ಕೆ ಹಾಕಿದ್ದೂ ಇದೇ ಲೆಕ್ಕಾಚಾರದಿಂದ.

ಆದರೆ ವೇಡಂತಾಂಗಲ್ ಕೆರೆಯ ವಿಸ್ತಾರ ಸುಮಾರು 30 ಹೆಕ್ಟೇರ್, ಅಷ್ಟೇ. ಒಳ್ಳೆಯ ಮಳೆಯ ವರ್ಷ ಅಲ್ಲಿ ಸಾವಿರ ಸಾವಿರ ಹಕ್ಕಿಗಳು ಸಂಸಾರ ಹೂಡುತ್ತವೆ. ಅಷ್ಟು ಹೊಟ್ಟೆಗಳಿಗೆ ಆ ಪುಟ್ಟ ಕೆರೆಯ ಮೀನು ಎಲ್ಲಿ ಸಾಲಬೇಕು? ಅದು ಬಾಣಂತಿಕೋಣೆ, ಅಡುಗೆಮನೆ ಬೇರೆಲ್ಲೋ ಇದೆ. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಬೆಳ್ಳಕ್ಕಿ ಎಲ್ಲವೂ ಬೆಳಗಾದರೆ ಸುತ್ತಲ ಕೆರೆ, ಗದ್ದೆ, ಜೌಗುಗಳಿಗೆ ಹಾರುತ್ತವೆ, ಗಂಟಲು ತುಂಬಿಸಿಕೊಂಡು ಹಿಂದಿರುಗುತ್ತವೆ. ಅಭಯಾರಣ್ಯದ ಮೇರೆ ಕೆರೆಯ ಸುತ್ತ 5 ಕಿಲೋಮೀಟರ್‌ವರೆಗೆ ಚಾಚಿರುವುದು ಇದೇ ಕಾರಣಕ್ಕೆ. 2020ರಲ್ಲಿ ಅದನ್ನು ಕುಗ್ಗಿಸುವ ಪ್ರಸ್ತಾವ ಬಂದಾಗ ಹಕ್ಕಿಪ್ರಿಯರು ದನಿ ಎತ್ತಿದ್ದೂ ಇದೇ ಕಾರಣಕ್ಕೆ. ಗೂಡನ್ನು ಕಾದು ಮೇವಿನ ನೆಲವನ್ನು ಕಳೆದುಕೊಂಡರೆ ಕಾದಿದ್ದೂ ವ್ಯರ್ಥ.

ತಾಂಬರಂನ ವಸಂತ ನಮ್ಮ ಮಲೆನಾಡಿನ ವಸಂತದಂತಲ್ಲ. ಇಲ್ಲಿ ದೊಡ್ಡ ಮಳೆ ಬರುವುದು ಈಶಾನ್ಯ ಮಾರುತದಿಂದ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಹಾಗಾಗಿ ಜನವರಿಯಲ್ಲಿ ಕೆರೆಗಳು ತುಂಬಿರುತ್ತವೆ, ಫೆಬ್ರುವರಿ ಮಧ್ಯದಿಂದ ಇಳಿಯತೊಡಗುತ್ತವೆ. ನೀರು ಇಳಿದಂತೆ ಮೀನು, ಕಪ್ಪೆ, ಬಸವನಹುಳುಗಳು ತೆಳುನೀರಿನಲ್ಲಿ ಒತ್ತಾಗುತ್ತವೆ. ಗೂಡಿನಲ್ಲಿ ಮರಿಗಳ ಹಸಿವು ಏರುವುದೂ ಕೆರೆಯಲ್ಲಿ ನೀರು ಇಳಿಯುವುದೂ ಒಂದೇ ಕಾಲಕ್ಕೆ. ಹಕ್ಕಿಗಳ ಪಂಚಾಂಗ ಇರುವುದೇ ಹಾಗೆ. ಇಳಿಯುತ್ತಿರುವ ಈ ನೀರಿನ ಅಂಚೇ ನಿಮ್ಮ ಕ್ಯಾಮೆರಾಕ್ಕೆ ಈ ತಿಂಗಳು ಸಿಗುವ ಅತ್ಯುತ್ತಮ ಜಾಗ.

ತಾಂಬರಂನಲ್ಲಿ ಇದಕ್ಕಾಗಿ ದೂರ ಹೋಗಬೇಕಿಲ್ಲ. ಚಿಟ್ಲಪಾಕ್ಕಂ, ಸೆಂಬಾಕ್ಕಂ, ಸೇಲೈಯೂರು, ಪೀರ್ಕಂಕರಣೈ ಇವೆಲ್ಲ ಒಂದು ಕಾಲಕ್ಕೆ ಗದ್ದೆಗೆ ನೀರುಣಿಸಿದ ಕೆರೆಗಳು. ಪೂರ್ವದ ಕಡೆಯ ಕೆರೆಗಳದ್ದು ಒಂದು ಸರಣಿ. ಒಂದು ತುಂಬಿ ಕೋಡಿ ಬಿದ್ದರೆ ನೀರು ಮುಂದಿನದಕ್ಕೆ ಇಳಿದು, ಕೊನೆಗೆ ಪಳ್ಳಿಕರಣೈ ಜೌಗು ಸೇರುತ್ತದೆ. ಆ ಜೌಗು 2022ರಲ್ಲಿ, ಜಾಗತಿಕ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ವರ್ಷ ವೇಡಂತಾಂಗಲ್ ಮತ್ತು ನಮ್ಮ ರಂಗನತಿಟ್ಟು ಕೂಡ ಸೇರಿದವು. ಚೆಂಗಲ್‌ಪಟ್ಟು ಕಡೆಯ ಲೋಕಲ್ ರೈಲು ಹತ್ತಿದರೆ ಕೊಳವಾಯಿ ಕೆರೆಯ ಹೆಜ್ಜಾರ್ಲೆಗಳನ್ನು ಕಿಟಕಿಯಿಂದಲೇ ನೋಡಬಹುದು.

ಬೆಳಿಗ್ಗೆ ಆರೂವರೆಗೆ ನೀರಿನ ಅಂಚಿಗೆ ಬನ್ನಿ. ಸೂರ್ಯ ಬೆನ್ನಿಗಿರುವಂತೆ ಜಾಗ ಹಿಡಿಯಿರಿ, ಬಂದು ಕೂತಮೇಲೆ ಅಲುಗಾಡಬೇಡಿ. ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ, ಬೈನಾಕ್ಯುಲರ್ ಮಾತ್ರ ಕೈಯಲ್ಲಿರಲಿ. 8x42 ಇದ್ದರೆ ಸಾಕು: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, 42 ಮಿಲಿಮೀಟರ್ ಮಸೂರ ಮಬ್ಬುಬೆಳಕಿನಲ್ಲೂ ಬಣ್ಣ ಉಳಿಸಿಕೊಡುತ್ತದೆ. ಯಾವ ಹಕ್ಕಿ ಎಲ್ಲಿ ಮೇಯುತ್ತಿದೆ, ಎತ್ತ ಸಾಗುತ್ತಿದೆ ಎಂಬುದು ಆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಆಮೇಲೆ ನೀವು ಹಕ್ಕಿಯ ಹಿಂದೆ ಹೋಗಬೇಕಾಗಿಲ್ಲ, ಹಕ್ಕಿಯೇ ನಿಮ್ಮ ಚೌಕಟ್ಟಿಗೆ ನಡೆದು ಬರುತ್ತದೆ.

ಬಣ್ಣದ ಕೊಕ್ಕರೆಯನ್ನು ಹತ್ತಿರದಿಂದ ನೋಡಿ. ಅದು ಬೆಳ್ಳಕ್ಕಿಯಂತೆ ಕಣ್ಣಿನಿಂದ ಬೇಟೆಯಾಡುವುದಿಲ್ಲ. ಹಳದಿ ಕೊಕ್ಕನ್ನು ಅರ್ಧ ತೆರೆದು ರಾಡಿನೀರಿನಲ್ಲಿ ಅದ್ದಿ, ನಿಧಾನ ಹೆಜ್ಜೆಯಿಡುತ್ತದೆ. ಒಂದು ಕಾಲಿನಿಂದ ತಳದ ಕೆಸರು ಕದಡುತ್ತದೆ; ಕೆಲವೊಮ್ಮೆ ಒಂದು ರೆಕ್ಕೆಯನ್ನು ಚಟ್ಟನೆ ಬಿಚ್ಚುತ್ತದೆ. ಗಾಬರಿಯಾದ ಮೀನು ಕೊಕ್ಕಿನ ಒಳಬದಿಗೆ ತಾಗಿದ್ದೇ ತಡ, ಕೊಕ್ಕು ಮುಚ್ಚಿಕೊಳ್ಳುತ್ತದೆ. ಇದೇ ಕುಲದ ಅಮೆರಿಕದ ಕೊಕ್ಕರೆಯ ಮೇಲೆ 1960ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ, ಕೊಕ್ಕು ಮುಚ್ಚಲು ಬೇಕಾದ ಸಮಯ ಸೆಕೆಂಡಿನ 40ನೇ ಒಂದು ಭಾಗ ಮಾತ್ರ ಎಂದು ಕಂಡುಬಂದಿತ್ತು. ಇದನ್ನು ಹಿಡಿಯಬೇಕೆಂದರೆ ಮೀನು ಕಂಡಮೇಲೆ ಬಟನ್ ಒತ್ತಿದರೆ ತಡವಾಯಿತು. ಕಾಲು ಕೆಸರು ಕದಡತೊಡಗಿದಾಗಲೇ ಬೆರಳು ಸಿದ್ಧವಾಗಬೇಕು.

ಬಾಯ್ಕಳಕದ್ದು ಇನ್ನೊಂದು ಕುಶಲಕಲೆ. ಕೊಕ್ಕು ಮುಚ್ಚಿದ್ದರೂ ನಡುವೆ ಬೆಳಕು ತೂರುವಷ್ಟು ಸಂದು ಉಳಿಯುತ್ತದೆ. ಮರಿಗಳ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಕೆರೆಯ ಬಸವನಹುಳುವನ್ನು ಅದು ನೀರಿನೊಳಗೇ ತಳಕ್ಕೆ ಒತ್ತಿ ಹಿಡಿದು, ಕೆಳಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನ ಬಾಯಿಗೆ ತೂರಿಸಿ, ಒಳಗಿನ ಸ್ನಾಯು ಕತ್ತರಿಸಿ, ಮೈಯನ್ನಷ್ಟೇ ಎಳೆದು ತೆಗೆಯುತ್ತದೆ. ಅದು ಮೇದು ಹೋದ ಜಾಗದ ಕೆಸರಿನಲ್ಲಿ ಖಾಲಿ ಚಿಪ್ಪುಗಳನ್ನು ಹೆಕ್ಕಿ ನೋಡಿ: ಬಹುಪಾಲು ಚಿಪ್ಪುಗಳು ಒಡೆಯದೆ ಇರುತ್ತವೆ. ಇದನ್ನು ಗೂಡಿನ ಯಾವ ಚಿತ್ರವೂ ಹೇಳಲಾರದು.

ಇನ್ನು ಕ್ಯಾಮೆರಾದ ಮಾತು. ಬಿಳಿ ಹಕ್ಕಿ, ಹಿಂದೆ ಕಪ್ಪು ನೀರು. ಇಲ್ಲಿ ಕ್ಯಾಮೆರಾದ ಮೀಟರ್ ನೀರನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಚಮಚದ ಕೊಕ್ಕಿನ ಗರಿಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿ ಬಿಡುತ್ತವೆ. ಎಕ್ಸ್‌ಪೋಷರನ್ನು ಮುಕ್ಕಾಲು ಅಥವಾ ಒಂದು ಸ್ಟಾಪ್ ಇಳಿಸಿಕೊಳ್ಳಿ, ಗರಿಯ ಎಳೆ ಉಳಿಯುತ್ತದೆ. ಹಾರುವ ಹಕ್ಕಿಗೆ 1/2000 ಸೆಕೆಂಡ್ ಇರಲಿ, ಅದಕ್ಕಾಗಿ ಐಎಸ್ಒ ಏರಿದರೆ ಅಂಜಬೇಡಿ. ಆದಷ್ಟು ಕೆಳಗೆ ಕೂರಿ. ಏರಿಯ ಮೇಲಿಂದ ತೆಗೆದರೆ ಹಕ್ಕಿಯ ಬೆನ್ನು ಕಾಣುತ್ತದೆ. ನೀರಿನ ಮಟ್ಟದಿಂದ ತೆಗೆದರೆ ಅದರ ಮುಖ ಕಾಣುತ್ತದೆ. ಒಂಬತ್ತು ಗಂಟೆಯ ಹೊತ್ತಿಗೆ ನೀರಿನ ಮೇಲೆ ಬಿಸಿಗಾಳಿ ಏಳತೊಡಗುತ್ತದೆ. ಎಷ್ಟೇ ಬೆಲೆಯ ಲೆನ್ಸಾಗಲಿ, ಆಮೇಲೆ ದೂರದ ಹಕ್ಕಿಯ ಅಂಚು ಕದಡಿ ಹೋಗುತ್ತದೆ. ಆಗ ಕ್ಯಾಮೆರಾ ಒಳಗಿಟ್ಟು ಪಟ್ಟಿ ಬರೆಯಲು ಕೂರುವುದು ಲೇಸು.

ಗೂಡಿನ ಚಿತ್ರದ ಹುಚ್ಚು ಹಿಡಿದದ್ದಕ್ಕೆ ಹಿಂದೆ ಒಂದು ಕಾರಣವಿತ್ತು. ಲೆನ್ಸುಗಳು ಚಿಕ್ಕವು, ಫಿಲ್ಮು ನಿಧಾನ. ಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಖಾತರಿ ಜಾಗವೆಂದರೆ ಗೂಡೊಂದೇ. ಹಾಗಾಗಿ ಮರೆ ಕಟ್ಟಿ, ದಿನಗಟ್ಟಲೆ ಅದರೊಳಗೆ ಕೂತು ತೆಗೆಯುತ್ತಿದ್ದರು. ಇಂದು 500, 600 ಮಿಲಿಮೀಟರ್ ಲೆನ್ಸು ಹವ್ಯಾಸಿಗಳ ಕೈಯಲ್ಲೂ ಇದೆ. ಕಾರಣ ಹೋಯಿತು, ಚಾಳಿ ಉಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ ಎಂಬುದನ್ನು ಹೊಸದಾಗಿ ಕ್ಯಾಮೆರಾ ಹಿಡಿದವರು ತಿಳಿದಿರಬೇಕು. ಎಲೆ ಸವರಿ, ಕೊಂಬೆ ಬಗ್ಗಿಸಿ ತೆಗೆದ ಗೂಡಿನ ಚಿತ್ರ ಕಾಗೆಗೂ ಹದ್ದಿಗೂ ದಾರಿ ತೋರಿಸುತ್ತದೆ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಅದನ್ನು ಹೊರಗೆಳೆಯುವುದೂ ಸಲ್ಲ. ಈ ಕಾಲದಲ್ಲಿ ತನ್ನ ನೆಲೆ ಕಾಯುವ ಗಂಡು ಮಡಿವಾಳ ಆ ದನಿಯನ್ನು ಎದುರಾಳಿಯದೆಂದು ನಂಬಿ, ಮೇಯುವ ಹೊತ್ತನ್ನೆಲ್ಲ ಜಗಳಕ್ಕೆ ಕಳೆಯುತ್ತದೆ.

ಈ ವಿಷಯದಲ್ಲಿ ನಾನು ಗುರುವೆಂದು ಎಣಿಸುವುದು ಮದರಾಸಿನ ಎಂ. ಕೃಷ್ಣನ್ ಅವರನ್ನು. 1912ರಲ್ಲಿ ಹುಟ್ಟಿದ ಅವರು 1940ರ ದಶಕದ ಬಹುಭಾಗವನ್ನು ನಮ್ಮ ಸಂಡೂರಿನಲ್ಲಿ, ಅಲ್ಲಿನ ಮಹಾರಾಜರ ಸೇವೆಯಲ್ಲಿ ಕಳೆದರು. ಮದರಾಸಿಗೆ ಮರಳಿದ ಮೇಲೆ, 1950ರಿಂದ 1996ರಲ್ಲಿ ಕಣ್ಣುಮುಚ್ಚುವವರೆಗೂ ಸ್ಟೇಟ್ಸ್‌ಮನ್ ಪತ್ರಿಕೆಗೆ ಅಂಕಣ ಬರೆದರು. ಕಪ್ಪುಬಿಳುಪಿನಲ್ಲೇ ಚಿತ್ರ ತೆಗೆದರು, ಬಿಡಿಭಾಗ ಜೋಡಿಸಿ ತಮ್ಮ ಕ್ಯಾಮೆರಾ ತಾವೇ ಕಟ್ಟಿಕೊಂಡರು. ಅವರ ಚಿತ್ರಗಳಲ್ಲಿ ಪ್ರಾಣಿ ಏನನ್ನೋ ಮಾಡುತ್ತಿರುತ್ತದೆ, ಸುತ್ತ ಅದರ ನೆಲ ಇರುತ್ತದೆ. ಹಿನ್ನೆಲೆಯನ್ನೆಲ್ಲ ಮಸುಕಾಗಿಸಿ ಹಕ್ಕಿಯೊಂದನ್ನೇ ಕತ್ತರಿಸಿ ಅಂಟಿಸಿದಂತೆ ತೋರಿಸುವ ಇಂದಿನ ಅಭ್ಯಾಸಕ್ಕೆ ಅವರ ಚಿತ್ರಗಳೇ ಮದ್ದು.

ಕೆರೆ ನೋಡಿ ದಣಿದ ಕಣ್ಣಿಗೆ ತಾಂಬರಂನಲ್ಲಿ ಕುರುಚಲು ಕಾಡೂ ಇದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜು 1937ರಲ್ಲಿ ಪಟ್ಟಣದಿಂದ ಇಲ್ಲಿಗೆ ಬಂದಾಗ, ರಸಾಯನಶಾಸ್ತ್ರ ಕಲಿಸುತ್ತಿದ್ದ ಎಡ್ವರ್ಡ್ ಬಾರ್ನ್ಸ್ ಆವರಣದ ಗಿಡಮರಗಳ ಆರೈಕೆಗೆ ನಿಂತರು. ಅಲ್ಲಿ ಇಂದಿಗೂ ಜಿಂಕೆಗಳಿವೆ. ನನ್ಮಂಗಲಂ ಮೀಸಲು ಅರಣ್ಯದ ಹಳೆಯ ಕಲ್ಲುಕ್ವಾರಿಗಳಲ್ಲಿ ಕೊಂಬಿನ ಗೂಬೆ ಇದೆ. ಹಗಲಿನಲ್ಲಿ ಅದನ್ನು ದೂರದಿಂದ ನೋಡಿ ಬರಬೇಕು, ಎಬ್ಬಿಸಬಾರದು. ಹಾಲುವಾಣ ಹೂಬಿಟ್ಟರೆ ಗುಲಾಬಿ ಮೈನಾಗಳ ಹಿಂಡು ಅದಕ್ಕೆ ಮುತ್ತುತ್ತದೆ. ಇವು ಮಧ್ಯ ಏಷ್ಯಾದ ಹುಲ್ಲುಗಾವಲಿಗೆ ಹೊರಡುವ ಮುನ್ನ ಮೈಗೂಡಿಸಿಕೊಳ್ಳುತ್ತಿರುವ ಹಕ್ಕಿಗಳು. ಚಳಿಗಾಲವಿಡೀ ಮಂಕಾಗಿದ್ದ ಹಳದಿ ಸಿಪಿಲೆ ಮಾರ್ಚ್ ಹೊತ್ತಿಗೆ ಹೊಸ ಗರಿ ತೊಟ್ಟು ಹೊಳೆಯುತ್ತದೆ. ಪ್ರತಿ ವಾರ ಒಂದೇ ಜಾಗದಿಂದ ತೆಗೆದರೆ ಆ ಬಣ್ಣ ಏರುವುದನ್ನು ಚಿತ್ರಗಳೇ ಹೇಳುತ್ತವೆ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ನಮ್ಮ ಊರುಗಳಲ್ಲಿ ಕೆರೆಗಳ ಅಭಿವೃದ್ಧಿ ಭರದಿಂದ ನಡೆದಿದೆ. ಹೂಳೆತ್ತುವುದು, ಕಳೆ ತೆಗೆಯುವುದು, ಕೊಳಚೆ ತಡೆಯುವುದು ಬೇಕೇ ಬೇಕು. ಆದರೆ ಬಟ್ಟಲಿನ ಹಾಗೆ ಆಳವಾಗಿ ತೋಡಿ, ಸುತ್ತ ನೆಟ್ಟಗೆ ಕಲ್ಲುಕಟ್ಟಡ ಏರಿಸಿ, ಮೇಲೆ ನಡಿಗೆಯ ಹಾದಿ ಮಾಡಿದರೆ ಇಳಿಜಾರು ಅಂಚು ಮಾಯವಾಗುತ್ತದೆ. ಆಮೇಲೆ ಆ ನೀರಿನಲ್ಲಿ ಮುಳುಗುವ ನೀರುಕಾಗೆ, ತೇಲುವ ಹೆಜ್ಜಾರ್ಲೆ ಬಾಳಿಯಾವು. ನಿಂತು ಮೇಯುವ ಕೊಕ್ಕರೆ, ಬಾಯ್ಕಳಕ, ಮೆಟ್ಟುಗಾಲು ಹಕ್ಕಿಗಳಿಗೆ ಕಾಲೂರಲು ನೆಲವೇ ಇರುವುದಿಲ್ಲ. ಕೆರೆ ತುಂಬಿ ತುಳುಕುತ್ತಿದ್ದರೂ ಅವುಗಳ ಪಾಲಿಗೆ ಅದು ಬತ್ತಿದಂತೆಯೇ. ಬೆಂಗಳೂರಿನ ಕೆರೆಗಳಲ್ಲಿ ಈ ನಷ್ಟವನ್ನು ನೋಡಿದವರು ತಾಂಬರಂನಲ್ಲಿ ಅದನ್ನು ಮತ್ತೆ ನೋಡಲು ಬಯಸಲಾರರು.

ಇದನ್ನು ತಡೆಯಲು ಹವ್ಯಾಸಿಗಳ ಬಳಿ ಒಂದು ಸಾಧನವಿದೆ. ಫೆಬ್ರುವರಿ ಮಧ್ಯದ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. 15 ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿ ಇಬರ್ಡ್ ಜಾಲತಾಣಕ್ಕೆ ಸೇರಿಸಿದರೂ ಸಾಕು. ಅದನ್ನು ನಾಲ್ಕು ದಿನಕ್ಕೆ ನಿಲ್ಲಿಸದೆ ನಿಮ್ಮ ಕೆರೆಯ ಅದೇ ಅಂಚಿನಲ್ಲಿ ಮೇ ತಿಂಗಳವರೆಗೆ ಮುಂದುವರಿಸಿ. ಪ್ರತಿ ಪಟ್ಟಿಯ ಜೊತೆ ಹಕ್ಕಿ ಮೇಯುತ್ತಿರುವ ಒಂದು ಚಿತ್ರವಿರಲಿ, ಚಿತ್ರದಲ್ಲಿ ದಡವೂ ನೀರಿನ ಮಟ್ಟವೂ ಕಾಣಲಿ. ನಾಳೆ ಕೆರೆಯ ನಕ್ಷೆ ಹಿಡಿದು ಎಂಜಿನಿಯರು ಬಂದಾಗ, ಈ ದಂಡೆಯ ಇಳಿಜಾರನ್ನು ಹಾಗೇ ಉಳಿಸಿ, ಇಲ್ಲಿ ಇಂತಿಷ್ಟು ಹಕ್ಕಿ ಮೇಯುತ್ತದೆ ಎಂದು ತೋರಿಸಲು ಆ ಚಿತ್ರಗಳಿಗಿಂತ ಗಟ್ಟಿಯಾದ ಸಾಕ್ಷಿ ಬೇರೆ ಸಿಗದು. ತಾಂಬರಂನವರಿಗೆ ಹೇಳಿದ್ದು ಕೋಲಾರ, ತುಮಕೂರು, ಮದ್ದೂರಿನ ಓದುಗರಿಗೂ ಸಲ್ಲುತ್ತದೆ. ನಿಮ್ಮೂರ ಕೆರೆಯಲ್ಲಿ ನೀರು ಇಳಿಯತೊಡಗಿದ್ದರೆ ಬರುವ ಭಾನುವಾರವೇ ಶುರು ಮಾಡಿ.